ಹಿತ್ತಲ ಬಾಗಿಲಿನ ಬೀಗ

ಸೀನು ತಡೆಯಲೆಂದು ಕೋಮಲ ಮೂಗನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡಳು. ಅದು ನಿಲ್ಲುವ ಹಾಗೆ ಕಾಣಲಿಲ್ಲ. ಕೈಗೆ ಸಿಕ್ಕ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಖಾಲಿ ಬಕೆಟ್ಟಿಗೆ ನೀರು ಧೋ ಎಂದು ಬೀಳುವ ಸದ್ದಿನಲ್ಲಿ ಸೀನಿದಳು. ಒಂದಲ್ಲ, ಮೂರು ಸಲ. ಆಮೇಲೆ ನಲ್ಲಿ ನಿಲ್ಲಿಸಿ, ಬಚ್ಚಲಿನ ತಗಡಿನ ಬಾಗಿಲಿಗೆ ಕಿವಿಗೊಟ್ಟು ನಿಂತಳು.

ಮನೆಯೊಳಗಿನಿಂದ ಯಾವ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆಯ ದನಿ ಕೇಳಿಸಿತು.

"ಕೋಮ್ಲ, ಬಂದ್ಯಾ ಮಗ?"

"ಬಂದೆ ಅತ್ತೆ. ಸ್ನಾನ ಮಾಡ್ಕೊಂಡು ಬತ್ತೀನಿ."

ಗಂಟಲು ಕರಕರ ಎನ್ನುತ್ತಿತ್ತು. ಬೆಳಿಗ್ಗೆಯಿಂದ ಹಾಗೇ ಇತ್ತು. ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೆ ಮೂಗಿನ ಬುಡ ಉರಿಯತೊಡಗಿದಾಗ, ಇದು ಬರೀ ಗಂಟಲಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಅಂಗನವಾಡಿಯ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಮಕ್ಕಳ ಮೂಗು ಆ ವಾರವೆಲ್ಲ ಸೋರುತ್ತಿತ್ತು.

ಸಂಕ್ರಾಂತಿ ಕಳೆದು ವಾರವಾಗಿತ್ತು. ದೇವನೂರಿನಲ್ಲಿ ಸಂಜೆ ನಾಲ್ಕೂವರೆಗೇ ಗಾಳಿ ತಣ್ಣಗಾಗುತ್ತಿತ್ತು. ಅಂಗನವಾಡಿಯಿಂದ ಬಂದ ಕೋಮಲ ಮುಂಬಾಗಿಲಲ್ಲಿ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಬಂದು, ಉಟ್ಟ ಸೀರೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ತಲೆಗೂ ಮೈಗೂ ನೀರು ಹಾಕಿಕೊಂಡು, ಬೇರೆ ಬಟ್ಟೆ ಉಟ್ಟು, ಮಾಸ್ಕು ಕಟ್ಟಿಕೊಂಡ ಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಬೇಕು. ಏಳು ತಿಂಗಳಿಂದ ಹೀಗೇ ನಡೆದಿತ್ತು.

ಅತ್ತೆ ಚಿಕ್ಕಬಸಮ್ಮನಿಗೆ ಅರವತ್ತೆರಡು ವರ್ಷ. ಬೀಡಿ ಮುಟ್ಟಿದವಳಲ್ಲ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷ ಊರಾಚೆಯ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಒಲೆಗೆ ರಸ ಹಿಂಡಿ ಒಣಗಿಸಿದ ಕಬ್ಬಿನ ರಚ್ಚು ತಳ್ಳುತ್ತಾ ಕೂತವಳು. ಅವಳ ಜೊತೆಗೆ ಕೂರುತ್ತಿದ್ದವಳು ಹಿಂದಿನ ಬೀದಿಯ ಜವರಮ್ಮ. ಸಂಜೆ ಮನೆಗೆ ಬಂದರೆ ಅಲ್ಲೂ ಸೌದೆ ಒಲೆ. ಆ ಹೊಗೆ ಜವರಮ್ಮನನ್ನು ಯಾಕೋ ಬಿಟ್ಟಿತು, ಚಿಕ್ಕಬಸಮ್ಮನನ್ನು ಹಿಡಿಯಿತು. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಕೂಡಿಸಿಕೊಳ್ಳಬೇಕು, ಮಾತಾಡಿದರೆ ನಡುವೆ ನಿಲ್ಲಿಸಬೇಕು. ಕಳೆದ ಮುಂಗಾರಿನಲ್ಲಿ ಒಂದು ಸಣ್ಣ ನೆಗಡಿ ಎದೆಗಿಳಿದು, ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆಮ್ಲಜನಕದ ಕೊಳವೆ ಹಾಕಿ ಮಲಗಿಸಿದ್ದರು. ಮಗ ರಾಜೇಂದ್ರನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದ. ಅವ್ವನ ತುಟಿ, ಉಗುರು ನೇರಳೆ ಹಣ್ಣು ತಿಂದವರ ಹಾಗೆ ಬಣ್ಣ ತಿರುಗಿದ್ದನ್ನು ಅವನು ಹತ್ತಿರದಿಂದ ನೋಡಿದ್ದ. ಅದನ್ನು ಅವನು ಮರೆಯಲಿಲ್ಲ.

"ಇವರಿಗೆ ಸಾಮಾನ್ಯ ನೆಗಡಿ ಅನ್ನೋದು ಇಲ್ಲ," ಎಂದು ಡಾಕ್ಟರ್ ಆಶಾರಾಣಿ ಆಗ ಹೇಳಿದ್ದರು. "ನಮಗೆ ಮೂರು ದಿನ ಮೂಗು ಸೋರಿ ಹೋಗೋದು ಇವರಿಗೆ ಪ್ರಾಣಕ್ಕೆ ಬರಬಹುದು."

ಮನೆಯಲ್ಲಿ ಸೌದೆ ಒಲೆ ಹೋಯಿತು. ಊದುಬತ್ತಿ, ಸೊಳ್ಳೆಬತ್ತಿ ಹೋದವು. ಕಸ ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಾಗಿಲ ಬಳಿ ಸೋಪು ಬಂತು. ವರ್ಷಕ್ಕೊಂದು ಸೂಜಿ, ದಿನಕ್ಕೆರಡು ಸಲ ಎಳೆದುಕೊಳ್ಳುವ ಔಷಧಿ, ಆಮೇಲೆ ಬಾಯಿ ಮುಕ್ಕಳಿಸುವುದು, ಔಷಧಿಯ ಕೊಳವೆ ತೊಳೆದು ನೆರಳಲ್ಲಿ ಒಣಗಿಸುವುದು. ಕೆಮ್ಮುವವರು, ಸೀನುವವರು ಗೇಟಿನಿಂದ ಒಳಗೆ ಬರುವಂತಿಲ್ಲ. ಇದನ್ನೆಲ್ಲ ಕೋಮಲ ಒಂದೂ ತಪ್ಪದೆ ಮಾಡಿದಳು. ಆದರೆ ರಾಜೇಂದ್ರ ಅಲ್ಲಿಗೆ ನಿಲ್ಲಿಸಲಿಲ್ಲ. ಎರಡನೇ ಕ್ಲಾಸಿನಲ್ಲಿದ್ದ ಮಗಳು ಮಧುಶ್ರೀ ಇಸ್ಕೂಲಿನಿಂದ ಏನಾದರೂ ಅಂಟಿಸಿಕೊಂಡು ಬರುತ್ತಾಳೆಂದು ಅವಳನ್ನು ಹೆಮ್ಮಿಗೆಯಲ್ಲಿದ್ದ ಕೋಮಲಳ ತವರಿಗೆ ಕಳಿಸಿದ. ಭಾನುವಾರ ಕೋಮಲ ನಂಜನಗೂಡು, ನರಸೀಪುರ ಎಂದು ಬಸ್ಸು ಬದಲಿಸಿ ಹೋಗಿ ಮಗಳನ್ನು ನೋಡಿಕೊಂಡು ಬರುತ್ತಿದ್ದಳು. ಹುಡುಗಿ ಪ್ರತಿ ಸಲವೂ ಕೇಳುತ್ತಿದ್ದಳು: "ಅಜ್ಜಿ ಕೆಮ್ಮು ಓಯ್ತಾ ಅಮ್ಮ?"

ಚಿಕ್ಕಬಸಮ್ಮನಿಗೆ ಸಿಕ್ಕಿದ್ದು ಬೀದಿ ಕಡೆಯ ಕೋಣೆ. ಅದರ ಕಿಟಕಿಯಿಂದ ಎದುರುಮನೆಯ ಗೋಡೆ, ಒಂದು ಕರೆಂಟು ಕಂಬ ಕಾಣುತ್ತಿತ್ತು. ಜಗಲಿಗೆ ಬಂದರೆ ಧೂಳು, ಹಿತ್ತಲಿಗೆ ಬಂದರೆ ಚಳಿ. ಮೊದಲೆಲ್ಲ ದಿನಕ್ಕೆರಡು ಸಲ ಬರುತ್ತಿದ್ದ ಜವರಮ್ಮ ಬಾಗಿಲಲ್ಲೇ ನಿಲ್ಲಿಸಿದ್ದಕ್ಕೆ ನೊಂದುಕೊಂಡು ಬರುವುದನ್ನೇ ಬಿಟ್ಟಳು. ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಶಿಫ್ಟು ಬಿಟ್ಟು ಬೇಗ ಬಂದ ರಾಜೇಂದ್ರನಿಗೆ ಕೋಣೆ ಖಾಲಿ ಕಂಡಿತು. ಹುಡುಕಿಕೊಂಡು ಹೋದರೆ ಹಿಂದಿನ ಬೀದಿಯಲ್ಲಿ ಜವರಮ್ಮನ ಸೌದೆ ಒಲೆಯ ಮುಂದೆ ಅವ್ವ ಕೂತಿದ್ದಾಳೆ, ಕೈಯಲ್ಲಿ ಟೀ ಲೋಟ, ಮುಖದ ತುಂಬ ನಗು. ಅವನು ಬೀದಿಯೆಲ್ಲ ಕೇಳುವ ಹಾಗೆ ಕೂಗಾಡಿ ಕರೆತಂದಿದ್ದ. "ಇನ್ನು ಓಗಕಿಲ್ಲ ಕನಪ್ಪ," ಎಂದು ಅವಳು ಮಗನ ತಲೆ ಮುಟ್ಟಿ ಹೇಳಿದ್ದಳು. ಅಲ್ಲಿಗೆ ಅದೂ ಮುಗಿಯಿತು.

ಈಗ ಉಳಿದಿದ್ದು ಕೋಮಲಳ ಕೆಲಸ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಲೇ ರಾಜೇಂದ್ರ ಆ ಮಾತು ತೆಗೆದಿದ್ದ. ಅವನಿಗೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ.

"ಕೋಮಲ, ಈ ತಿಂಗ್ಳು ಮುಗೀಲಿ. ಸೂಪರ್‌ವೈಸರ್ ಮೇಡಂಗೆ ಬರ್ದು ಕೊಟ್ಬುಡು."

"ಏನು ಬರ್ದು ಕೊಡ್ಲಿ?"

"ಗೊತ್ತಿಲ್ದಂಗೆ ಆಡ್ಬೇಡ. ಮಗೂನೇ ಕಳಿಸಿದ್ದೀವಿ. ದಿನಾ ಹದಿನಾಲ್ಕು ಮಕ್ಳ ಮೂಗು ಒರಸಿ ಬಂದು ಅವ್ವಂಗೆ ಅನ್ನ ಕಲಸಿಕೊಟ್ರೆ ಆಯ್ತದಾ?"

"ನಾನು ಸ್ನಾನ ಮಾಡ್ದೆ ಒಳಗೆ ಬಂದಿದ್ದೀನಾ ಯಾವತ್ತಾದ್ರೂ?"

"ಇದುವರ್ಗೂ ಏನೂ ಆಗಿಲ್ಲ. ಆದ್ಮೇಲೆ ಯಾರನ್ನ ಕೇಳೋದು?" ಎಂದ ರಾಜೇಂದ್ರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೋಮಲ ತಿರುಗಿ ಜಗಳವಾದರೂ ಆಡುತ್ತಿದ್ದಳು. "ಒಂದೇ ಒಂದು ನೆಗಡಿ ಬಂದ್ರೂ ಅವತ್ತೇ ನಿಲ್ಲಿಸ್ಬುಡು. ತಿಂಗ್ಳು ಮುಗಿಯೋಗಂಟ ಕಾಯ್ಬೇಡ."

ಐದು ವರ್ಷ ಪಕ್ಕದ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಪಾತ್ರೆ ತೊಳೆದು, ಅದರ ನಡುವೆ ಪಿಯುಸಿ ಕಟ್ಟಿ ಪಾಸು ಮಾಡಿ, ಕೋಮಲ ದೇವನೂರಿನಲ್ಲೇ ಟೀಚರ್ ಆಗಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಆ ನೀಲಿ ಬಾಗಿಲನ್ನು ತೆರೆದಾಗ ಒಳಗಿನಿಂದ ಬರುವ ಹಾಲಿನ ಪುಡಿಯ, ಸುಣ್ಣದ ವಾಸನೆ, ಮಕ್ಕಳು "ಮಿಸ್" ಎಂದು ಕಾಲಿಗೆ ಸುತ್ತಿಕೊಳ್ಳುವುದು, ಇವೇ ಅವಳಿಗೆ ದಿನ ಅನ್ನಿಸುತ್ತಿದ್ದವು. ಉಳಿದದ್ದೆಲ್ಲ ಸ್ನಾನ, ಸೋಪು, ಒರೆಸುವ ಬಟ್ಟೆ.

ಆ ಸಂಜೆ ಬಚ್ಚಲಿನಲ್ಲಿ ಒದ್ದೆ ತಲೆಯಲ್ಲಿ ನಿಂತು ಅವಳು ಲೆಕ್ಕ ಹಾಕಿದಳು. ಹೇಳಿದರೆ ಇವತ್ತಿಗೇ ಕೆಲಸ ಮುಗಿಯಿತು. ಹೇಳದಿದ್ದರೆ? ರಾಜೇಂದ್ರನದು ಆ ವಾರ ಎರಡನೇ ಶಿಫ್ಟು, ಬರುವುದು ಹನ್ನೊಂದಕ್ಕೆ. ಅಲ್ಲಿಯತನಕ ಅತ್ತೆಗೆ ಊಟ ಕೊಡುವವರು, ಔಷಧಿಯ ಹಬೆ ಹಿಡಿಸುವವರು, ಬೆನ್ನು ತಟ್ಟಿ ಕಫ ತೆಗೆಸುವವರು ಬೇರೆ ಯಾರೂ ಇರಲಿಲ್ಲ. ದೂರ ಇರಬೇಕೆಂದರೂ ದೂರ ಇರುವ ಹಾಗಿರಲಿಲ್ಲ.

ಅವಳು ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡಳು. ಕೈಯನ್ನು ಮೊಣಕೈತನಕ ತೊಳೆದುಕೊಂಡಳು. ರಾಗಿಮುದ್ದೆ, ಸೊಪ್ಪಿನ ಸಾರು ಮಾಡಿ ತಟ್ಟೆಯನ್ನು ಮಂಚದ ತುದಿಯಲ್ಲಿಟ್ಟು ಹಿಂದೆ ಸರಿದಳು.

"ಯಾಕ್ ಮಗ, ಎರ್ಡೆರ್ಡು ಕಟ್ಕಂಡಿದ್ದೀಯ?"

"ಮಕ್ಳಿಗೆಲ್ಲ ನೆಗಡಿ ಅತ್ತೆ. ಅದಕ್ಕೆ."

ಚಿಕ್ಕಬಸಮ್ಮ ಅವಳ ಕಣ್ಣುಗಳನ್ನೇ ನೋಡಿದಳು. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಅವಷ್ಟೇ, ಅವು ಕೆಂಪಗಿದ್ದವು. ಆಮೇಲೆ ಮುದ್ದೆ ಮುರಿದಳು.

ಎರಡು ದಿನ ಕೋಮಲ ಹೀಗೇ ತಳ್ಳಿದಳು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದಳು. ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು, ಕೇಳಿದ ಗಂಡನಿಗೆ ಸೊಂಟ ನೋವು ಎಂದಳು. ಕೆಮ್ಮು ಬಂದಾಗ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಎರಡನೇ ರಾತ್ರಿಯ ಹೊತ್ತಿಗೆ ತನಗೆ ಎಷ್ಟೋ ವಾಸಿ ಅನ್ನಿಸಿತು. ಬಚಾವಾದೆವು ಎಂದುಕೊಂಡಳು.

ಮೂರನೆಯ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅತ್ತೆ ಮಂಚದ ಅಂಚಿನಲ್ಲಿ ಎರಡೂ ಕೈ ಊರಿಕೊಂಡು ಮುಂದಕ್ಕೆ ಬಗ್ಗಿ ಕೂತಿದ್ದಳು. ಹೆಗಲ ಮೂಳೆಗಳು ಪ್ರತಿ ಉಸಿರಿಗೂ ಮೇಲೆ ಏಳುತ್ತಿದ್ದವು. ಪಕ್ಕದ ಡಬ್ಬಿಯಲ್ಲಿ ಕಫ ಹಳದಿ ಹಸಿರಾಗಿತ್ತು. ಕೋಮಲ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ತಂದು ಹಾಕಿದಳು. ಎಂಬತ್ತೇಳು ಎಂದು ತೋರಿಸಿತು, ಎಂಬತ್ತಾರಕ್ಕೆ ಇಳಿಯಿತು.

"ಏನ್ರೀ, ಎದ್ದೇಳಿ," ಎಂದು ಅವಳು ಕೂಗಿದ ದನಿಗೆ ರಾಜೇಂದ್ರ ನಿದ್ದೆಗಣ್ಣಿನಲ್ಲಿ ಓಡಿಬಂದ. ಯಂತ್ರ ನೋಡಿದ, ಅವ್ವನ ಉಗುರು ನೋಡಿದ, ಫೋನು ಎತ್ತಿಕೊಂಡ. ಬೀದಿ ಕೊನೆಯ ಮಹೇಂದ್ರನ ವ್ಯಾನು ಹತ್ತು ನಿಮಿಷದಲ್ಲಿ ಬಂತು. ಮೈಸೂರು ಮುಟ್ಟುವತನಕ ಕೋಮಲ ಹಿಂದಿನ ಸೀಟಿನಲ್ಲಿ ಅತ್ತೆಯ ಬೆನ್ನು ನೀವುತ್ತಾ ಕೂತಿದ್ದಳು. ಕಪಿಲಾ ಸೇತುವೆ ದಾಟುವಾಗ ಮುಂದಿನ ಸೀಟಿನಿಂದ ರಾಜೇಂದ್ರ ಒಂದೇ ಸಲ ತಿರುಗಿ ಅವಳನ್ನು ನೋಡಿದ. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಔಷಧಿಯ ಹಬೆ ಶುರುವಾಗಿ, ಕೈಗೆ ಸೂಜಿ ಚುಚ್ಚಿ, ಉಸಿರು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ಡಾಕ್ಟರ್ ಆಶಾರಾಣಿ ಹಾಸಿಗೆಯ ಬಳಿ ಬಂದು ನಿಂತರು.

"ಮನೇಲಿ ಯಾರಿಗಾದ್ರೂ ನೆಗಡಿ, ಜ್ವರ ಇತ್ತಾ? ಬಯ್ಯೋಕಲ್ಲ ಕೇಳ್ತಿರೋದು. ಎಲ್ಲಿಂದ ಬಂತು ಅಂತ ಗೊತ್ತಾದ್ರೆ ನನಗೆ ಅನುಕೂಲ."

ರಾಜೇಂದ್ರ ಕೋಮಲಳ ಕಡೆ ತಿರುಗಿದ. ಇಷ್ಟಾದ ಮೇಲೆ ಮುಚ್ಚಿಡುವುದೇನಿದೆ ಎಂದು ಅವಳು ಬಾಯಿ ತೆರೆದಳು.

"ನಾನು..."

"ನಂಗೊತ್ತು," ಎಂದಿತು ಹಾಸಿಗೆಯ ಮೇಲಿನ ದನಿ. ಚಿಕ್ಕಬಸಮ್ಮ ಮುಖದ ಮೇಲಿದ್ದ ಹಬೆಯ ಮುಸುಕನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿದ್ದಳು. "ನಾನೇ... ಜವರಿ ಮನೆಗ್ ಓಗಿದ್ದೆ... ಡಾಕ್ಟ್ರವ್ವ."

"ಮತ್ತೆ ಹೋಗಿದ್ಯಾ?" ಎಂದ ರಾಜೇಂದ್ರ.

"ಮೂರ್ ದಿಸ ಓಗಿದ್ದೆ... ನೀವಿಬ್ರೂ ಕೆಲ್ಸಕ್ ಓದ್ಮೇಲೆ. ಜವರೀಗೂ ಮೂಗು ಸೋರ್ತಿತ್ತು. ಒಲೆ ಮುಂದೆ... ಕೂತ್ಕಂಡಿದ್ದೊ."

"ಅವ್ವ, ನನ್ ತಲೆ ಮುಟ್ಟಿ ಹೇಳಿದ್ದೆ ನೀನು."

"ಊ ಕನಪ್ಪ. ತಪ್ಪಾಯ್ತು." ಅವಳು ಕಣ್ಣು ಮುಚ್ಚಿಕೊಂಡಳು. "ಜವರೀನ ಬಯ್ಯಕ್ ಓಗ್ಬ್ಯಾಡ. ಅವ್ಳು ಕರೀಲಿಲ್ಲ. ನಾನೇ ಓದೋಳು."

ನರ್ಸು ಮುಸುಕನ್ನು ಮತ್ತೆ ಮುಖಕ್ಕೆ ಕೂರಿಸಿದಳು. ಡಾಕ್ಟರ್ ಕೋಮಲಳನ್ನು ನೋಡಿದರು.

"ನೀವೇನೋ ಹೇಳೋಕೆ ಬಂದ್ರಿ?"

ಹಬೆಯೊಳಗಿಂದ ಅತ್ತೆಯ ಕಣ್ಣು ಮತ್ತೆ ತೆರೆದಿತ್ತು. ಕೋಮಲ ಆ ಕಣ್ಣನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಏನಿಲ್ಲ ಮೇಡಂ."

ಡಾಕ್ಟರ್ ಆಶಾರಾಣಿ ರಾಜೇಂದ್ರನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಅವಳಿಗೂ ಕೇಳಿಸಿತು. "ನೋಡಿ, ಕೂಡಿಹಾಕಿ ಅಂತ ನಾನು ಯಾವತ್ತೂ ಹೇಳಿಲ್ಲ. ಹೊಗೆಯಿಂದ ದೂರ, ನೆಗಡಿ ಇರೋರಿಂದ ದೂರ. ಅಷ್ಟೆ. ಬಿಸಿಲಲ್ಲಿ ಕೂರ್ಲಿ, ನಾಕು ಹೆಜ್ಜೆ ನಡೀಲಿ, ಅವರಿಗೂ ಒಳ್ಳೇದು. ಇನ್ನೊಂದು, ಮನೇಲಿ ಯಾರಿಗೇ ನೆಗಡಿ ಬಂದ್ರೂ ಮೊದಲನೇ ದಿನವೇ ಹೇಳಿಬಿಡಬೇಕು. ನೆಗಡಿ ಬರೋದು ತಪ್ಪಲ್ಲ, ಮುಚ್ಚಿಡೋದು ತಪ್ಪು." ರಾಜೇಂದ್ರ ಹೂಂ ಹೂಂ ಎಂದು ತಲೆಯಾಡಿಸಿದ. ಅವನು ಅದರಲ್ಲಿ ಎಷ್ಟು ಕೇಳಿಸಿಕೊಂಡನೋ. ಕೋಮಲ ಮಾತ್ರ ಪೂರ್ತಿ ಕೇಳಿಸಿಕೊಂಡಳು. ಹಗಲು ಹೊತ್ತು ಅತ್ತೆಯ ಬಳಿಗೆ ಹೆಮ್ಮಿಗೆಯಿಂದ ತನ್ನ ತಾಯಿಯನ್ನು ಕರೆಸಿ, ನೆಗಡಿ ಪೂರ್ತಿ ಹೋಗುವತನಕ ತಾನು ವಾರ್ಡಿನ ಹೊರಗಿನ ಬೆಂಚಿನ ಮೇಲೇ ಉಳಿದಳು. ಯಾಕೆಂದು ಗಂಡ ಕೇಳಿದರೆ, ಒಳಗಿನ ವಾಸನೆಗೆ ತಲೆ ತಿರುಗುತ್ತದೆ ಎಂದಳು. ಒಂದು ಸುಳ್ಳಿಗೆ ಎಷ್ಟು ಸುಳ್ಳು ಬೇಕಾಗುತ್ತದೆ ಎಂದು ಆ ಬೆಂಚಿನ ಮೇಲೆ ಅವಳಿಗೆ ತಿಳಿಯಿತು.

ಎಂಟನೆಯ ದಿನ ಮನೆಗೆ ಕಳಿಸಿದರು. ಚಿಕ್ಕಬಸಮ್ಮ ಇನ್ನಷ್ಟು ಸಣ್ಣಗಾಗಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು.

ಮಾರನೆಯ ದಿನ ರಾಜೇಂದ್ರ ನಂಜನಗೂಡಿನಿಂದ ಒಂದು ಹಿತ್ತಾಳೆಯ ಬೀಗ ತಂದ. ಹಿತ್ತಲ ಬಾಗಿಲಿನ ಹೊರಗಡೆ ಕೊಂಡಿ ಇರಲಿಲ್ಲ. ಅದನ್ನೂ ತಂದಿದ್ದ. ತಾನೇ ಮೊಳೆ ಹೊಡೆದು ಕೂರಿಸಿದ. ಪ್ರತಿ ಪೆಟ್ಟಿಗೂ ಗೋಡೆಯ ಸುಣ್ಣ ಉದುರಿತು. ಧೂಳು ಅವ್ವನ ಕೋಣೆಗೆ ಹೋಗಬಾರದೆಂದು ಮೊದಲೇ ಅವಳ ಬಾಗಿಲಿಗೆ ಒದ್ದೆ ಪಂಚೆ ಇಳಿಬಿಟ್ಟಿದ್ದ.

"ಮುಂಬಾಗಿಲಲ್ಲಿ ಹೋದ್ರೆ ಎದುರುಮನೆಯವ್ರಿಗೆ ಕಾಣ್ತದೆ, ಹೇಳಿದ್ದೀನಿ ಅವ್ರಿಗೆ," ಎಂದು ಬೀಗದ ಕೈಯನ್ನು ಕೋಮಲಳಿಗೆ ಕೊಟ್ಟ. "ಇದನ್ನ ನೀನೇ ಹಾಕ್ಕೊಂಡು ಹೋಗು. ಅವ್ವನ ಕೈಲಿ ಫೋನಿರ್ತದೆ."

"ಒಳಗೆ ಏನಾದ್ರೂ ಆದ್ರೆ?"

"ಅಂಗನವಾಡಿ ಇಲ್ಲೇ ಅಲ್ವ, ಓಡಿ ಬಂದ್ರೆ ಮೂರು ನಿಮಿಷ." ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. ಅವಳ ಮುಖ ನೋಡದೆಯೇ ಹೇಳಿದ: "ಕೆಲ್ಸದ ವಿಷ್ಯ ಬಿಡು. ನಿಂದೇನು ತಪ್ಪಿತ್ತು ಇದ್ರಲ್ಲಿ. ನಾನು ಸುಮ್ನೆ ನಿನ್ ಮೇಲೆ ಅನುಮಾನ ಪಟ್ಟೆ."

ಕೋಮಲ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು. ಅವನು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಗೆ ಔಷಧಿ ಕೊಟ್ಟು, ಬಾಯಿ ಮುಕ್ಕಳಿಸಲು ಬಿಸಿನೀರು ಕೊಟ್ಟು, ಮಧ್ಯಾಹ್ನದ ಅನ್ನ ಮುಚ್ಚಿಟ್ಟು ಅವಳು ಹಿತ್ತಲಿಗೆ ಬರುತ್ತಿದ್ದಳು. ಬಾಗಿಲು ಎಳೆದುಕೊಂಡು ಬೀಗ ಒತ್ತುತ್ತಿದ್ದಳು. ಹೊಸ ಬೀಗ, ಗಟ್ಟಿಯಾಗಿ ಸದ್ದು ಮಾಡುತ್ತಿತ್ತು. ಒಳಗಿರುವವರಿಗೆ ಕೇಳಿಸದಿರಲೆಂದು ಅವಳು ಅದನ್ನು ಅಂಗೈಯಲ್ಲಿ ಮುಚ್ಚಿ ಒತ್ತಿ ನೋಡಿದಳು. ಆಗಲೂ ಸದ್ದಾಗುತ್ತಿತ್ತು. ಅತ್ತೆ ಮಾತ್ರ ಒಂದು ದಿನವೂ ಬೀಗದ ಮಾತೆತ್ತಲಿಲ್ಲ. ಬಾಗಿಲ ಆಚೆಯಿಂದ "ಉಸಾರು ಮಗ, ಬಿಸ್ಲಲ್ ಓಗ್ತಿದ್ದೀಯ," ಎನ್ನುತ್ತಿದ್ದಳು.

ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವಾಗ, ತೂಕ ಹಾಕುವಾಗ, ಮೊಬೈಲಿನಲ್ಲಿ ಹಾಜರಿ ಹಾಕುವಾಗ ಅವಳಿಗೆ ಆ ಕೋಣೆ ನೆನಪಾಗುತ್ತಿತ್ತು. ಫೋನು ಗುಂಯ್ ಎಂದರೆ ಕೈಯಲ್ಲಿದ್ದುದನ್ನು ಬಿಟ್ಟು ಎತ್ತಿಕೊಳ್ಳುತ್ತಿದ್ದಳು. ಯಾವ ನೀಲಿ ಬಾಗಿಲು ತೆರೆದರೆ ಅವಳಿಗೆ ಉಸಿರಾಡಿದ ಹಾಗಾಗುತ್ತಿತ್ತೋ ಅದರೊಳಗೂ ಈಗ ನೆಮ್ಮದಿಯಿರಲಿಲ್ಲ. ಮಗುವೊಂದು ಸೀನಿದರೆ ಬೆಚ್ಚಿ ಹಿಂದೆ ಸರಿಯುತ್ತಿದ್ದಳು. ಆಮೇಲೆ ನಾಚಿಕೆಯಾಗಿ ಹತ್ತಿರ ಹೋಗಿ ಮೂಗು ಒರೆಸಿ, ಮಗುವಿನ ಕೈಯನ್ನೂ ತನ್ನ ಕೈಯನ್ನೂ ಸೋಪು ಹಾಕಿ ತೊಳೆಯುತ್ತಿದ್ದಳು.

ಫೆಬ್ರವರಿ ಎರಡನೇ ವಾರ, ಮಕ್ಕಳು ಊಟ ಮಾಡಿ ಮಲಗಿದ್ದ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿ ಸದ್ದು ಮಾಡಿದರು. ಜವರಮ್ಮ. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ತಾಯಿ ಕಾರ್ಡು.

"ಕೋಮ್ಲವ್ವ, ಇದೊಸಿ ನೋಡವ್ವ. ನರಸೀಪುರಕ್ ಕೊಟ್ಟಿರೋ ನಮ್ ಮಗ್ಳುದು. ಇನ್ನು ಮೂರ್ ತಿಂಗ್ಳು ಬಾಣಂತನ ಇಲ್ಲೇ ಅಂತವ್ಳೆ. ಮೊಟ್ಟೆ ಗಿಟ್ಟೆ ಇಲ್ಲೇ ಕೊಡಕ್ಕಾಯ್ತದಾ?"

"ಆಯ್ತದೆ ಜವರಮ್ಮತ್ತೆ, ಕೂತ್ಕೊಳ್ಳಿ. ಹೆಸ್ರು ವರ್ಗಾ ಮಾಡ್ಬೇಕು ಅಷ್ಟೆ." ಕೋಮಲ ಕಾರ್ಡು ಬಿಡಿಸಿದಳು. "ಹೆರಿಗೆ ಯಾವಾಗ ಆಯ್ತು?"

"ಸಂಕ್ರಾಂತೀಗ್ ಒಂದ್ ದಿಸ ಮುಂಚೆ. ಎಣ್ಮಗ. ನಾನು ಅದುಕ್ ಮುಂಚೇನೇ ಓದ್ನಲ್ಲ, ಒಸ ವರ್ಸದ್ ಒತ್ನಲ್ಲೇ ಮನೆಗ್ ಬೀಗ ಆಕ್ಕಂಡು. ನೆನ್ನೆ ಸಂದೇಲಿ ಬಂದೊ, ಮಗೀನೂ ಕರ್ಕಂಡು." ಜವರಮ್ಮ ದನಿ ತಗ್ಗಿಸಿದಳು. "ಬಸಮ್ಮನ್ನ ಮತ್ತೆ ಆಸ್ಪತ್ರೆಗ್ ಸೇರ್ಸಿದ್ರಂತೆ? ನಂಗ್ ಯಾರೂ ಯೋಳ್ಲೇ ಇಲ್ಲ. ನೋಡಕ್ ಬರಾನ ಅಂದ್ರೆ ನಿಮ್ ಯಜಮಾನ್ರು ಬಯ್ತಾರೆ ಅಂತ ಬೆದ್ರಿಕೆ ಕನವ್ವ."

ಕೋಮಲಳ ಕೈಯಲ್ಲಿ ಪೆನ್ನು ನಿಂತಿತ್ತು. ಹೊಸ ವರ್ಷದ ಹೊತ್ತಿನಿಂದ ಜವರಮ್ಮನ ಮನೆಗೆ ಬೀಗ. ಹಿಂದಿನ ಬೀದಿಯ ಕಡೆ ತಾನು ಹೋಗಿಯೇ ಇರಲಿಲ್ಲ. ಮನೆ, ಅಂಗನವಾಡಿ, ಮತ್ತೆ ಮನೆ. ಮೂಗು ಸೋರುವ ಜವರಮ್ಮನೂ ಇರಲಿಲ್ಲ, ಒಲೆಯೂ ಉರಿದಿರಲಿಲ್ಲ.

"ಏನಾಯ್ತವ್ವ, ಕಾರ್ಡ್ನಲ್ಲಿ ಏನಾರ ತಪ್ಪಾಗದಾ?"

"ಇಲ್ಲ ಅತ್ತೆ. ಎಲ್ಲಾ ಸರಿಯಾಗದೆ," ಎಂದು ಅವಳು ಬರೆಯತೊಡಗಿದಳು.

ಆ ಸಂಜೆ ರಾಜೇಂದ್ರ ಶಿಫ್ಟಿನಲ್ಲಿದ್ದ. ಕೋಮಲ ಸ್ನಾನ ಮಾಡಿ, ಮಾಸ್ಕು ಕಟ್ಟಿಕೊಂಡು ಹಿತ್ತಲ ಬಾಗಿಲಿನ ಬೀಗ ತೆಗೆದಳು. ಒಳಗೆ ಹೋಗಿ ಅತ್ತೆಯ ತೋಳು ಹಿಡಿದು ನಿಧಾನಕ್ಕೆ ನಡೆಸಿಕೊಂಡು ಬಂದಳು. ಕೋಣೆಯಿಂದ ಹಿತ್ತಲ ಬಾಗಿಲಿಗೆ ಹದಿನೆಂಟು ಹೆಜ್ಜೆ. ನಡುವೆ ಎರಡು ಸಲ ನಿಂತರು. ಹೊಸ್ತಿಲ ಒಳಗಡೆ ಕುರ್ಚಿ ಹಾಕಿ ಕೂರಿಸಿ, ಹೆಗಲಿಗೆ ಶಾಲು ಹೊದಿಸಿದಳು. ತಾನು ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂತಳು. ನುಗ್ಗೆಮರದ ಸಂದಿಯಿಂದ ಇಳಿಬಿಸಿಲು ಚಿಕ್ಕಬಸಮ್ಮನ ಕಾಲಿನ ಮೇಲೆ ಬೀಳುತ್ತಿತ್ತು. ಅವಳು ಕಾಲುಗಳನ್ನು ಅದರೊಳಕ್ಕೆ ಚಾಚಿದಳು.

"ಜವರಮ್ಮತ್ತೆ ಬಂದಿದ್ರು ಇವತ್ತು, ಅಂಗನವಾಡಿಗೆ," ಎಂದಳು ಕೋಮಲ.

ಅತ್ತೆ ಶಾಲಿನ ಅಂಚನ್ನು ಸರಿಮಾಡಿಕೊಂಡಳು.

"ನರಸೀಪುರದಲ್ಲಿದ್ರಂತೆ. ಹೊಸ ವರ್ಷದ ಹೊತ್ನಲ್ಲೇ ಬೀಗ ಹಾಕ್ಕೊಂಡು ಹೋಗಿದ್ರಂತೆ. ಮಗಳಿಗೆ ಹೆರಿಗೆ ಆಗದೆ."

"ಏನ್ ಮಗ?"

"ಹೆಣ್ಣು."

"ಒಳ್ಳೇದಾಯ್ತು ಬುಡು," ಎಂದಳು ಚಿಕ್ಕಬಸಮ್ಮ. ಸ್ವಲ್ಪ ಹೊತ್ತು ನುಗ್ಗೆಮರವನ್ನು ನೋಡಿದಳು. "ಈ ಸಲ ಊವ ಜಾಸ್ತಿ ಬುಟ್ಟದೆ."

"ಅತ್ತೆ, ನಿಮಗೆ ಅವತ್ತೇ ಗೊತ್ತಿತ್ತಾ?"

"ಒಂದ್ ಮನೇಲಿರೋರ್ಗೆ ಗೊತ್ತಾಗಕಿಲ್ವಾ ಮಗ?"

ಕೋಮಲಳ ಕಣ್ಣು ತುಂಬಿತು. ಮಾಸ್ಕಿನ ಮೇಲಂಚು ಒದ್ದೆಯಾಯಿತು. ಒರೆಸಿಕೊಳ್ಳಲು ಕೈ ಎತ್ತಿದವಳು, ಮುಖ ಮುಟ್ಟಬಾರದೆಂದು ಅಭ್ಯಾಸಬಲದಿಂದ ಕೈ ಇಳಿಸಿದಳು. "ನಿಮ್ ಜೀವ ಹೋಗ್ತಿತ್ತು ನನ್ನಿಂದ. ಇವತ್ತು ಅವ್ರು ಬಂದ ತಕ್ಷಣ ಹೇಳ್ಬುಡ್ತೀನಿ. ಈ ಬೀಗ ನನ್ ಕೈಲಿ ಹಾಕಕ್ಕಾಗಲ್ಲ ಅತ್ತೆ."

"ಯೋಳ್ಬುಟ್ಟು?"

"ಕೆಲ್ಸ ಬಿಡ್ತೀನಿ."

"ಬುಟ್ಟು?" ಚಿಕ್ಕಬಸಮ್ಮ ಉಸಿರಿಗಾಗಿ ನಿಂತಳು. "ಬೀಗ ತಗೀತಾನಾ ಅವ್ನು? ತಗ್ಯಾಕಿಲ್ಲ. ಎದ್ರಿಕಂಡವ್ನೆ ನನ್ ಮಗ... ಎದ್ರಿಕಂಡವ್ರು ಬೀಗ ತಗ್ಯಾಕಿಲ್ಲ. ಆಗ ಇಬ್ರೂ ಒಳಗೇ. ಇಬ್ರೂ ಒಳಗ್ ಕೂತ್ರೆ ಆಚೆ ಸುದ್ದಿ ಯೋಳೋರ್ ಯಾರು?"

ಪಕ್ಕದ ಹಿತ್ತಲಿನಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ಇನ್ನೊಂದ್ ಸಲ ಬಂದ್ರೆ ಮಾತ್ರ ನಂಗ್ ಯೋಳು," ಎಂದಳು ಅತ್ತೆ. "ಅವ್ನಿಗ್ ಯೋಳ್ದಿದ್ರೂ ನಂಗ್ ಯೋಳು. ಬಾಗ್ಲಾಕ್ಕಂಡು ಇರ್ತೀನಿ. ಗಂಜಿ ನಾನೇ ಬೇಯಿಸ್ಕತೀನಿ... ಗ್ಯಾಸ್ ಅಚ್ಚಕ್ ಬರಕಿಲ್ವಾ ನಂಗೆ? ನೀನು ಅಂಗನವಾಡೀಲೇ ಮಲಿಕೊ ಬೇಕಾದ್ರೆ."

"ಹೂಂ ಅತ್ತೆ."

"ಯೋಳ್ತೀಯಾ?"

"ಹೇಳ್ತೀನಿ."

ಬಿಸಿಲು ಚಿಕ್ಕಬಸಮ್ಮನ ಪಾದದಿಂದ ಹೊಸ್ತಿಲಿಗೆ ಸರಿದಿತ್ತು. ಅವಳು ಶಾಲನ್ನು ಕತ್ತಿನವರೆಗೆ ಎಳೆದುಕೊಂಡು ಕುರ್ಚಿಗೆ ಒರಗಿದಳು.

"ಇವತ್ ಯಾವ್ಯಾವ್ ಮಕ್ಳು ಬಂದಿದ್ವು?"

"ಹನ್ನೆರಡು ಬಂದಿದ್ವು. ಗಾನವಿ ಅಂತ ಒಂದು ಹೊಸ ಹುಡುಗಿ ಸೇರಿದ್ದಾಳೆ, ಮೂರು ವರ್ಷ. ಒಂದು ವಾರದಿಂದ ಬಾಗಿಲ ಹತ್ರ ನಿಂತು ಅಳೋದೇ ಕೆಲ್ಸ. ಇವತ್ತು ಅಳ್ಲಿಲ್ಲ. ಸೀದಾ ಒಳಗೆ ಬಂದು ಕೂತ್ಲು."

"ಕೂತ್ಲಾ?"

"ಕೂತ್ಲು. ಮೊಟ್ಟೆ ಕೊಟ್ವಿ. ಒಳಗಿನ ಹಳದೀನ ಮಾತ್ರ ಹುಷಾರಾಗಿ ತಗೊಂಡು ತಿಂದ್ಲು. ಬಿಳೀದನ್ನ ಟೋಪಿ ಮಾಡಿ ಪಕ್ಕದ ಹುಡುಗನ ತಲೆ ಮೇಲಿಟ್ಬುಟ್ಲು. ಅವನು ಅಲ್ಲಾಡ್ದಂಗೆ ಕೂತಿದ್ದ, ಬಿದ್ದೋಗ್ತದೆ ಅಂತ."

ಚಿಕ್ಕಬಸಮ್ಮ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಹೆಗಲು ಎದ್ದೆದ್ದು ಬಿದ್ದವು. ಕೋಮಲ ಕಲ್ಲಿನಿಂದ ಅರ್ಧ ಎದ್ದಳು. ಅತ್ತೆ ಶಾಲಿನೊಳಗಿಂದ ಒಂದು ಕೈ ಹೊರಗೆ ತೆಗೆದು, ಕೂತ್ಕೊ ಎಂದು ಸನ್ನೆ ಮಾಡಿದಳು. ಮೂಗಿನಲ್ಲಿ ಗಾಳಿ ಎಳೆದುಕೊಂಡು, ಬಿಸಿ ಹಾಲನ್ನು ಆರಿಸುವವಳ ಹಾಗೆ ತುಟಿ ಚೂಪು ಮಾಡಿ ನಿಧಾನಕ್ಕೆ ಊದಿದಳು. ಮತ್ತೊಮ್ಮೆ ಎಳೆದು, ಮತ್ತೊಮ್ಮೆ ಊದಿದಳು. ಕೋಮಲ ಕಾಯುತ್ತಾ ಕೂತಳು.

"ಆಮೇಲೆ?" ಎಂದಳು ಚಿಕ್ಕಬಸಮ್ಮ.